ಗೌರಿಬಿದನೂರಿನಿಂದ ಬಂದ ಕರಿಕೋಟು

ವೀಕ್ಷಕರೇ, ಒಂದು ಸಣ್ಣ ಪರೀಕ್ಷೆ. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ನೀವು ಟಿವಿಯಲ್ಲಿ ನೋಡಿದ ಸೀರಿಯಲ್ ಪಾತ್ರಗಳಲ್ಲಿ ಎಷ್ಟು ಹೆಸರು ನೆನಪಿದೆ, ಹೇಳಿ? ಅತ್ತೆಯರು ಬಂದ್ರು, ಹೋದ್ರು. ಸೊಸೆಯರು ಅತ್ತರು, ಗೆದ್ದರು, ಮರೆತುಹೋದರು. ಆದ್ರೆ 'ಸಿ.ಎಸ್.ಪಿ.' ಅಂದ ತಕ್ಷಣ ಲಕ್ಷಾಂತರ ಕನ್ನಡದ ಮನೆಗಳಲ್ಲಿ ಒಂದೇ ಮುಖ ಕಣ್ಮುಂದೆ ಬರುತ್ತದೆ. ಕರಿಕೋಟು, ನರೆತ ಕೂದಲು, ತಗ್ಗಿದ ದನಿ. ಅವರು ಕಿರುಚುವುದಿಲ್ಲ, ಮೇಜು ಕುಟ್ಟುವುದಿಲ್ಲ. ಸಾಕ್ಷಿಯ ಹತ್ತಿರ ಬಂದು ನಿಧಾನಕ್ಕೆ ಒಂದು ಪ್ರಶ್ನೆ ಕೇಳುತ್ತಾರೆ. ಆಮೇಲೆ ಸುಮ್ಮನಾಗುತ್ತಾರೆ. ಆ ಮೌನದಲ್ಲಿ ಸಾಕ್ಷಿಗೂ ಬೆವರು, ನೋಡುತ್ತಿರುವ ನಮಗೂ ಬೆವರು!

ಆ ಮುಖ ಟಿ. ಎನ್. ಸೀತಾರಾಮ್ ಅವರದು. ನಟ, ನಾಟಕಕಾರ, ನಿರ್ದೇಶಕ. ಅದಕ್ಕೂ ಮೊದಲು, ನಿಜವಾದ ಕೋರ್ಟಿನಲ್ಲಿ ನಿಜವಾದ ಕರಿಕೋಟು ಹಾಕಿದ್ದ ವಕೀಲರು. ಇವತ್ತು ಅವರ ಕಥೆ ಹೇಳುತ್ತೇನೆ. ಇದು ಒಬ್ಬ ಕಲಾವಿದನ ಜೀವನಚರಿತ್ರೆ ಹೌದು. ಜೊತೆಗೆ ಕನ್ನಡದ ಟಿವಿ ಒಂದು ಕಾಲದಲ್ಲಿ ನಮಗೆ ಏನು ಕಲಿಸಿತ್ತು, ಈಗ ಏನು ಮರೆಸುತ್ತಿದೆ ಅನ್ನುವ ಕಥೆಯೂ ಹೌದು.

ಸೀತಾರಾಮ್ ಹುಟ್ಟಿದ್ದು 1948ರ ಡಿಸೆಂಬರ್ 6ರಂದು, ದೊಡ್ಡಬಳ್ಳಾಪುರದಲ್ಲಿ. ಬೆಂಗಳೂರಿನಿಂದ ಹಿಂದೂಪುರದ ಕಡೆ ಹೋಗುವ ರೈಲು ಹತ್ತಿ ಕೂತರೆ ದೊಡ್ಡಬಳ್ಳಾಪುರ, ಮಾಕಳಿದುರ್ಗ, ತೊಂಡೇಬಾವಿ ದಾಟಿ ಗೌರಿಬಿದನೂರು ಸಿಗುತ್ತದೆ. ಸೀತಾರಾಮ್ ವಕೀಲಿಕೆ ಮಾಡಿದ ಊರು ಈ ಗೌರಿಬಿದನೂರು. ಆಗ ಇದು ಕೋಲಾರ ಜಿಲ್ಲೆಯ ತಾಲ್ಲೂಕು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆ ಆಗಿದ್ದು 2007ರಲ್ಲಿ. ಬಯಲುಸೀಮೆ. ವರ್ಷವಿಡೀ ಹರಿಯುವ ನದಿ ಇಲ್ಲ. ಉತ್ತರ ಪಿನಾಕಿನಿ ಅಂತ ಹೆಸರಿದೆ, ಮಳೆ ಬಂದರೆ ಮಾತ್ರ ನೀರಿದೆ. ಕನ್ನಡದ ಅರ್ಧ ವಾಕ್ಯ ತೆಲುಗಿನಲ್ಲಿ ಮುಗಿಯುವ ನಾಡು ಇದು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಹರಾಜು, ಚಿಂತಾಮಣಿಯಲ್ಲಿ ವ್ಯಾಪಾರ, ಚಿಕ್ಕಬಳ್ಳಾಪುರದಲ್ಲಿ ಹೂವು, ದ್ರಾಕ್ಷಿ. ನೀರು ಕಡಿಮೆ ಇರುವ ಕಡೆ ಜಮೀನಿನ ಒಂದೊಂದು ಗುಂಟೆಗೂ, ಒಂದೊಂದು ಬಾವಿಗೂ ಬೆಲೆ ಜಾಸ್ತಿ. ಬೆಲೆ ಜಾಸ್ತಿ ಇದ್ದ ಕಡೆ ವ್ಯಾಜ್ಯವೂ ಜಾಸ್ತಿ, ಅಲ್ವಾ?

ತಾಲ್ಲೂಕು ಕೋರ್ಟು ಅಂದ್ರೆ ಏನು ಅಂತ ಸಿನಿಮಾ ನೋಡಿ ತಿಳಿಯುವುದಿಲ್ಲ ಸ್ವಾಮಿ. ಸಿನಿಮಾದಲ್ಲಿ ಜಡ್ಜ್ ಸಾಹೇಬರು ಸುತ್ತಿಗೆ ಬಡಿದು 'ಆರ್ಡರ್ ಆರ್ಡರ್' ಅನ್ನುತ್ತಾರೆ. ನಮ್ಮ ದೇಶದ ಕೋರ್ಟುಗಳಲ್ಲಿ ಆ ಸುತ್ತಿಗೆಯೇ ಇಲ್ಲ! ಅಲ್ಲಿರುವುದು ಪಹಣಿ, ಚಕ್ಕುಬಂದಿ, ಹಳೇ ಕ್ರಯಪತ್ರ, ಭಾಗದ ದಾವೆ. ಅಣ್ಣ ತಮ್ಮಂದಿರು ಎದುರುಬದುರು ನಿಂತ ಜಗಳ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹಳ್ಳಿಯಿಂದ ಬಸ್ಸು ಹತ್ತಿ ಬಂದು, ಹೆಸರು ಕೂಗುವುದನ್ನೇ ಕಾಯುತ್ತಾ ಮರದ ಕೆಳಗೆ ಕೂತು, ಸಂಜೆ 'ವಾಯಿದೆ' ಅಂತ ಕೇಳಿಸಿಕೊಂಡು ವಾಪಸ್ ಹೋಗುವ ಕಕ್ಷಿದಾರರು. ಮನುಷ್ಯರು ಹೇಗೆ ಸುಳ್ಳು ಹೇಳುತ್ತಾರೆ, ಯಾಕೆ ಹೇಳುತ್ತಾರೆ, ನಿಜ ಹೇಳುವವನೂ ಹೇಗೆ ತಡವರಿಸುತ್ತಾನೆ ಅನ್ನುವುದನ್ನು ಓದಬೇಕಾದರೆ ಇದಕ್ಕಿಂತ ದೊಡ್ಡ ಗ್ರಂಥಾಲಯ ಇಲ್ಲ. ಕಥೆ ಬರೆಯುವವನಿಗೆ ಅದು ಬಂಗಾರದ ಗಣಿ.

ಅಂದ ಹಾಗೆ, ಈ ಮಣ್ಣಿಗೂ ಪ್ರಶ್ನೆಗೂ ಹಳೇ ನಂಟಿದೆ.

1938ರ ಏಪ್ರಿಲ್ 25. ಗೌರಿಬಿದನೂರಿಗೆ ಹತ್ತಿರದ ವಿದುರಾಶ್ವತ್ಥ. ಅಶ್ವತ್ಥ ಮರದ ಕ್ಷೇತ್ರ, ಜಾತ್ರೆಯ ದಿನಗಳು. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸುವುದಕ್ಕೆ ನಿಷೇಧ ಇತ್ತು. ಜನ ಸೇರಿದರು, ಬಾವುಟ ಹಾರಿಸಲು ಹೊರಟರು. ಪೊಲೀಸರು ಗುಂಡು ಹಾರಿಸಿದರು. ಎಷ್ಟು ಜನ ಸತ್ತರು? ಸರ್ಕಾರ ಹೇಳಿದ ಲೆಕ್ಕವೇ ಬೇರೆ, ಜನ ಹೇಳಿದ ಲೆಕ್ಕವೇ ಬೇರೆ. 'ಕರ್ನಾಟಕದ ಜಲಿಯನ್‌ವಾಲಾ ಬಾಗ್' ಅಂತ ಇವತ್ತಿಗೂ ಕರೆಯುತ್ತಾರೆ. ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದ ಮೇಲೆ, ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟ ಹಾರಿಸಲೂ ಒಪ್ಪಿಗೆ ಸಿಕ್ಕಿತು.

ಅದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡವರ ಮನೆಯಲ್ಲಿ ಒಬ್ಬ ಹುಡುಗ ಹುಟ್ಟಿದ್ದ. ಓದಬೇಕು ಅಂತ ಬೆಂಗಳೂರಿಗೆ ನಡೆದೇ ಹೋದ. ಅವರೇ ಡಾ. ಎಚ್. ನರಸಿಂಹಯ್ಯ. ಅಮೆರಿಕದ ಓಹಾಯೊದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಮಾಡಿ ಬಂದರು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲ್ ಆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು. ಕುಲಪತಿಯಾಗಿದ್ದಾಗ, 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿ ದೇಶವನ್ನೇ ಬೆಚ್ಚಿಬೀಳಿಸಿದರು. ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬಾರದು ಅನ್ನುವುದು ಅವರು ಜೀವನಪೂರ್ತಿ ಹೇಳಿದ ಪಾಠ. ಓದಿ ದೊಡ್ಡವರಾದ ಮೇಲೆ ಊರನ್ನು ಮರೆಯಲಿಲ್ಲ, ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ತಂದರು.

ನಾನೇನೂ ನರಸಿಂಹಯ್ಯನವರಿಗೂ ಸೀತಾರಾಮ್ ಅವರಿಗೂ ಗುರು–ಶಿಷ್ಯರ ನಂಟು ಕಟ್ಟಲು ಹೊರಟಿಲ್ಲ. ಹೇಳುವುದಿಷ್ಟೇ. ಬಾವುಟ ಯಾಕೆ ಹಾರಿಸಬಾರದು ಅಂತ ಕೇಳಿದ ಊರು, ಪವಾಡಕ್ಕೆ ಪುರಾವೆ ಎಲ್ಲಿ ಅಂತ ಕೇಳಿದವರ ಊರು. ಅಲ್ಲಿ ಕರಿಕೋಟು ಹಾಕಿ ನಿಂತವರೊಬ್ಬರು ಮುಂದೆ 'ಪ್ರಶ್ನೆ ಕೇಳುವುದು' ಅನ್ನುವ ಕೆಲಸವನ್ನೇ ಮನರಂಜನೆ ಮಾಡಿ ತೋರಿಸಿದ್ದು ನನಗೆ ಅಷ್ಟೇನೂ ಆಶ್ಚರ್ಯ ಅನ್ನಿಸುವುದಿಲ್ಲ.

ಸಣ್ಣ ಊರಿನಲ್ಲಿದ್ದರೆ ಕಲೆ ಬೆಳೆಯಲ್ಲ ಅನ್ನುವ ಮಾತಿಗೆ ಈ ಸೀಮೆ ಮೊದಲಿಂದಲೂ ಉತ್ತರ ಕೊಡುತ್ತಾ ಬಂದಿದೆ. ಶಿಡ್ಲಘಟ್ಟ ತಾಲ್ಲೂಕಿನ ಚೀಮಂಗಲದ ಬಿ. ಆರ್. ಲಕ್ಷ್ಮಣರಾವ್ ಬಹುಕಾಲ ಚಿಂತಾಮಣಿಯಲ್ಲಿ ಇದ್ದುಕೊಂಡೇ ಇಡೀ ಕರ್ನಾಟಕ ಹಾಡುವ ಭಾವಗೀತೆಗಳನ್ನು ಬರೆದರು. ಬೆಂಗಳೂರು ಹತ್ತಿರ ಇದ್ದರೂ ಬೆಂಗಳೂರಾಗದೆ ಉಳಿದಿದ್ದೇ ಈ ತಾಲ್ಲೂಕುಗಳ ಬಲ.

ಸೀತಾರಾಮ್ ಅವರ ಇನ್ನೊಂದು ಕಾಲು ಬೆಂಗಳೂರಿನಲ್ಲಿತ್ತು. ಎಪ್ಪತ್ತರ ದಶಕದ ಬೆಂಗಳೂರು ಅಂದ್ರೆ ನವ್ಯ ಸಾಹಿತ್ಯ, ಹವ್ಯಾಸಿ ರಂಗಭೂಮಿ, ಕಾಫಿ, ಜಗಳ, ಸಿಗರೇಟಿನ ಹೊಗೆ. ಆ ವಲಯದ ನಡುವೆ ಪಿ. ಲಂಕೇಶ್. ಮೇಷ್ಟ್ರು ತಮ್ಮದೇ ಕಾದಂಬರಿ 'ಬಿರುಕು' ಇಟ್ಟುಕೊಂಡು 'ಪಲ್ಲವಿ' ಸಿನಿಮಾ ಮಾಡಲು ಹೊರಟಾಗ ಹೀರೋ ಮಾಡಿದ್ದು ಯಾರನ್ನ ಗೊತ್ತಾ? ಇದೇ ಸೀತಾರಾಮ್ ಅವರನ್ನ. ಜೊತೆಗೆ ವಿಮಲಾ ನಾಯ್ಡು. ಸಂಗೀತ ಸರೋದ್ ಮಾಂತ್ರಿಕ ರಾಜೀವ ತಾರಾನಾಥ್ ಅವರದು. 1976ರ ಈ ಚಿತ್ರಕ್ಕಾಗಿ ಲಂಕೇಶರಿಗೆ ಅತ್ಯುತ್ತಮ ನಿರ್ದೇಶಕ ರಾಷ್ಟ್ರಪ್ರಶಸ್ತಿ ಬಂತು. ಅಂದ್ರೆ ಮೊದಲ ಹೆಜ್ಜೆಯಲ್ಲೇ ರಾಷ್ಟ್ರಮಟ್ಟದಲ್ಲಿ ಮೆಚ್ಚುಗೆ ಪಡೆದ ಚಿತ್ರದ ನಾಯಕ!

ಬೇರೆ ಯಾರೇ ಆಗಿದ್ದರೂ ಗಾಂಧಿನಗರದಲ್ಲಿ ರೂಮು ಮಾಡಿ, ಫೋಟೋ ಆಲ್ಬಂ ಹಿಡಿದು ನಿರ್ಮಾಪಕರ ಆಫೀಸು ಸುತ್ತುತ್ತಿದ್ದರು. ಸೀತಾರಾಮ್ ಹಿಡಿದ ದಾರಿ ಬೇರೆ. ನಾಟಕ ಬರೆದರು. 'ಆಸ್ಫೋಟ', 'ನಮ್ಮೊಳಗೊಬ್ಬ ನಾಜೂಕಯ್ಯ'. ಎರಡನೆಯದರ ಹೆಸರನ್ನೇ ನೋಡಿ. ನಾಜೂಕಯ್ಯ ಎಲ್ಲೋ ವಿಧಾನಸೌಧದಲ್ಲಿ ಮಾತ್ರ ಇದ್ದಾನೆ ಅನ್ನುತ್ತಿಲ್ಲ, ನಮ್ಮೊಳಗೇ ಒಬ್ಬ ಇದ್ದಾನೆ ಅನ್ನುತ್ತದೆ. 'ಆಸ್ಫೋಟ'ವನ್ನು ಟಿ. ಎಸ್. ನಾಗಾಭರಣ 1988ರಲ್ಲಿ ಸಿನಿಮಾ ಮಾಡಿದರು. ರಂಗಭೂಮಿ ಅವರಿಗೆ ಎರಡು ವಿದ್ಯೆ ಕೊಟ್ಟಿತು. ಒಂದು, ಸಂಭಾಷಣೆಯಲ್ಲೇ ಕಥೆ ಮುನ್ನಡೆಸುವುದು. ಇನ್ನೊಂದು, ಇಬ್ಬರು ಎದುರುಬದುರು ನಿಂತರೆ ಇಬ್ಬರಿಗೂ ಗಟ್ಟಿ ವಾದ ಕೊಡುವುದು. ಖಳನಾಯಕನಿಗೂ ಅವನದೇ ಆದ ನ್ಯಾಯ ಇರಬೇಕು. ಇದು ಒಳ್ಳೆಯ ನಾಟಕದ ನಿಯಮ. ಒಳ್ಳೆಯ ಕೋರ್ಟಿನ ನಿಯಮವೂ ಇದೇ.

ಈಗ ಟಿವಿ ಕಥೆಗೆ ಬರೋಣ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾಗಿದ್ದು 1981ರಲ್ಲಿ. ಮೊದಲ ಖಾಸಗಿ ಕನ್ನಡ ವಾಹಿನಿ ಉದಯ ಟಿವಿ ಬಂದಿದ್ದು 1994ರಲ್ಲಿ. ಈಟಿವಿ ಕನ್ನಡ ಬಂದಿದ್ದು 2000ದಲ್ಲಿ. ಈ ಎರಡರ ನಡುವೆ, 1998ರಲ್ಲಿ, ದೂರದರ್ಶನದ ಚಂದನದಲ್ಲಿ ಒಂದು ಧಾರಾವಾಹಿ ಶುರುವಾಯಿತು. 'ಮಾಯಾಮೃಗ'. ನಿರ್ದೇಶನ ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ. ಮೂವರು ಒಟ್ಟಿಗೆ.

ಪ್ರಸಾರ ಯಾವ ಹೊತ್ತಿಗೆ? ಇಳಿಹೊತ್ತಿಗೆ. ಈಗಿನ ಭಾಷೆಯಲ್ಲಿ 'ಪ್ರೈಮ್ ಟೈಮ್' ಅಲ್ಲವೇ ಅಲ್ಲ. ಆದ್ರೂ ಜನ ನೋಡಿದರು. ಆಗ ನಾನಿನ್ನೂ ಪ್ರೈಮರಿ ಸ್ಕೂಲು. ಬ್ಯಾಗು ಎಸೆದು ಆಡಲು ಓಡುವ ಹೊತ್ತಿಗೆ ಮನೆಯ ಹೆಂಗಸರೆಲ್ಲ ಟಿವಿ ಮುಂದೆ. ಹಾಲು ಉಕ್ಕಿದರೂ ಯಾರೂ ಏಳುತ್ತಿರಲಿಲ್ಲ. ಏನಿತ್ತು ಅದರಲ್ಲಿ ಅಂಥದ್ದು? ಹೊಡೆದಾಟ ಇರಲಿಲ್ಲ. ನಾಗಿಣಿ ಇರಲಿಲ್ಲ. ನಮ್ಮ ನಿಮ್ಮಂಥ ಮಧ್ಯಮವರ್ಗದ ಮನೆಗಳು, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು, ದುಡ್ಡಿನ ಚಿಂತೆ, ಮದುವೆಯ ಚಿಂತೆ, ಮತ್ತೆ ಮಾತು. ತೂಕದ ಮಾತು. ಮಾಳವಿಕಾ ಅವಿನಾಶ್, ಎಂ. ಡಿ. ಪಲ್ಲವಿಯವರಂಥ ಪ್ರತಿಭೆಗಳನ್ನು ಮನೆಮನೆಗೆ ಪರಿಚಯ ಮಾಡಿಸಿದ ಧಾರಾವಾಹಿ ಇದು. ಅದರ ನಿರ್ದೇಶಕರಲ್ಲಿ ಒಬ್ಬರಾದ ಶೇಷಾದ್ರಿ ಮುಂದೆ 2000ದಲ್ಲಿ 'ಮುನ್ನುಡಿ' ಮಾಡಿ, ರಾಷ್ಟ್ರಪ್ರಶಸ್ತಿಗಳನ್ನು ಮತ್ತೆ ಮತ್ತೆ ಗೆಲ್ಲುವ ನಿರ್ದೇಶಕರಾದರು. ಒಂದು ಸೀರಿಯಲ್ ಒಂದು ಶಾಲೆ ಆಗಬಹುದು ಅನ್ನುವುದಕ್ಕೆ ಇದು ಸಾಕ್ಷಿ.

2000ದಲ್ಲಿ ಹಿಂದಿಯಲ್ಲಿ ಅತ್ತೆ–ಸೊಸೆ ಧಾರಾವಾಹಿಗಳ ಅಲೆ ಎದ್ದಿತು. ಒಂದು ಕಪಾಳಮೋಕ್ಷವನ್ನು ಮೂರು ಸಲ ತೋರಿಸುವುದು, ಗುಡುಗಿನ ಸದ್ದು ಹಾಕುವುದು, ಕ್ಯಾಮೆರಾವನ್ನು ಮುಖಕ್ಕೆ ನುಗ್ಗಿಸುವುದು. ಎಲ್ಲ ಭಾಷೆಗಳೂ ಅದನ್ನೇ ನಕಲು ಮಾಡಿದವು. ಅದೇ ಕಾಲದಲ್ಲಿ ಸೀತಾರಾಮ್ ಈಟಿವಿ ಕನ್ನಡದಲ್ಲಿ 'ಮನ್ವಂತರ', 'ಮುಕ್ತ', ಆಮೇಲೆ 'ಮುಕ್ತ ಮುಕ್ತ' ಮಾಡಿದರು. ಅವರ ಧಾರಾವಾಹಿಗಳಲ್ಲಿ ರೋಮಾಂಚನ ಎಲ್ಲಿತ್ತು ಅಂದ್ರೆ ಕೋರ್ಟಿನ ಕಟಕಟೆಯಲ್ಲಿ. ಪಾಟೀ ಸವಾಲಿನಲ್ಲಿ!

ಸ್ವಲ್ಪ ಕಾನೂನು ಪಾಠ ಮಾಡುತ್ತೇನೆ, ಬೇಜಾರು ಮಾಡ್ಕೋಬೇಡಿ. ಕೋರ್ಟಿನಲ್ಲಿ ಒಬ್ಬ ಸಾಕ್ಷಿಯ ವಿಚಾರಣೆ ಮೂರು ಹಂತದಲ್ಲಿ ನಡೆಯುತ್ತದೆ. ಮೊದಲು ಅವನನ್ನು ಕರೆತಂದ ಪಕ್ಷದ ವಕೀಲರು ಕೇಳುವುದು ಮುಖ್ಯ ವಿಚಾರಣೆ. ಆಮೇಲೆ ಎದುರು ಪಕ್ಷದ ವಕೀಲರು ಕೇಳುವುದು ಪಾಟೀ ಸವಾಲು. ಬೇಕಾದರೆ ಕೊನೆಗೆ ಮರು ವಿಚಾರಣೆ. 1872ರ ಸಾಕ್ಷ್ಯ ಅಧಿನಿಯಮದಲ್ಲಿ ಇದ್ದಿದ್ದು ಇದೇ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇರುವುದೂ ಇದೇ. ಉತ್ತರವನ್ನು ಬಾಯಿಗೆ ತುರುಕುವಂಥ ಪ್ರಶ್ನೆಯನ್ನು, ಅಂದ್ರೆ ಸೂಚಕ ಪ್ರಶ್ನೆಯನ್ನು, ಮುಖ್ಯ ವಿಚಾರಣೆಯಲ್ಲಿ ಕೋರ್ಟಿನ ಅನುಮತಿ ಇಲ್ಲದೆ ಕೇಳುವ ಹಾಗಿಲ್ಲ. ಪಾಟೀ ಸವಾಲಿನಲ್ಲಿ ಕೇಳಬಹುದು. ಇನ್ನೊಂದು ಮುಖ್ಯ ನಿಯಮ: ನೋಡಿದ ವಿಷಯ ಹೇಳುವುದಾದರೆ ಸ್ವತಃ ನೋಡಿದವನೇ ಬಂದು ಹೇಳಬೇಕು. 'ಯಾರೋ ಹೇಳಿದ್ರು' ಅನ್ನುವುದು ನಡೆಯುವುದಿಲ್ಲ.

ಎಂಜಿನಿಯರಿಂಗ್ ಓದಿದ ನನಗೆ ಇದು ಬೇಗ ಅರ್ಥ ಆಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಇರುವುದೂ ಇದೇ ಚಿಕ್ಕಬಳ್ಳಾಪುರದ ಪಕ್ಕದಲ್ಲೇ ತಾನೇ! ಸೇತುವೆ ಕಟ್ಟಿದ ಮೇಲೆ ಅದರ ಮೇಲೆ ಭಾರ ನಿಲ್ಲಿಸಿ ಲೋಡ್ ಟೆಸ್ಟ್ ಮಾಡುತ್ತಾರೆ. ಬಾಗುತ್ತಾ, ಎಷ್ಟು ಬಾಗುತ್ತೆ, ಭಾರ ತೆಗೆದ ಮೇಲೆ ಮತ್ತೆ ಸರಿಹೋಗುತ್ತಾ ಅಂತ ನೋಡುತ್ತಾರೆ. ಹೊರಗಿನಿಂದ ಬಣ್ಣ ಚೆನ್ನಾಗಿದೆ ಅಂತ ಯಾರೂ ಬಸ್ಸು ಬಿಡುವುದಿಲ್ಲ. ಪಾಟೀ ಸವಾಲು ಅಂದ್ರೆ ಮಾತಿನ ಲೋಡ್ ಟೆಸ್ಟ್. ನಿಜ ಆಗಿದ್ದರೆ ಭಾರ ತಡೆಯುತ್ತದೆ. ಸುಳ್ಳಾಗಿದ್ದರೆ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ.

ಇದಕ್ಕೆ ಜಗತ್ತಿನಲ್ಲಿ ಎಲ್ಲರೂ ಹೇಳುವ ಒಂದು ಉದಾಹರಣೆ ಇದೆ. 1858, ಅಮೆರಿಕದ ಇಲಿನಾಯ್. ಕೊಲೆ ಕೇಸು. ರಾತ್ರಿ ನಡೆದ ಘಟನೆಯನ್ನು ಬೆಳದಿಂಗಳಲ್ಲಿ ಸ್ಪಷ್ಟವಾಗಿ ಕಂಡೆ ಅಂತ ಸಾಕ್ಷಿ ಹೇಳಿದ. ಆರೋಪಿಯ ವಕೀಲರು ಅವನಿಂದ ಅದೇ ಮಾತನ್ನು ಮತ್ತೆ ಮತ್ತೆ ಹೇಳಿಸಿದರು. ಆಮೇಲೆ ಪಂಚಾಂಗ ತೆಗೆದು ತೋರಿಸಿದರು. ಆ ಹೊತ್ತಿಗೆ ಚಂದ್ರ ಮುಳುಗುವುದರಲ್ಲಿದ್ದ! ಆರೋಪಿ ಬಿಡುಗಡೆಯಾದ. ಆ ವಕೀಲರ ಹೆಸರು ಅಬ್ರಹಾಂ ಲಿಂಕನ್. ನೋಡಿ, ಅಲ್ಲಿ ಕಿರುಚಾಟ ಇರಲಿಲ್ಲ. ಒಂದು ಪಂಚಾಂಗ ಮತ್ತು ಸ್ವಲ್ಪ ತಾಳ್ಮೆ, ಅಷ್ಟೇ.

ಸಿ.ಎಸ್.ಪಿ. ಪಾತ್ರದ ಮೂಲಕ ಸೀತಾರಾಮ್ ಕನ್ನಡಿಗರಿಗೆ ರುಚಿ ಹತ್ತಿಸಿದ್ದು ಈ ತಾಳ್ಮೆಯನ್ನು. ನಟನಾಗಿ ಅವರ ಶಕ್ತಿ ಇರುವುದೂ ಅಲ್ಲೇ. ಅವರು ಕೇಳಿಸಿಕೊಳ್ಳುತ್ತಾರೆ. ಗಮನಿಸಿ ನೋಡಿ, ಕ್ಯಾಮೆರಾ ಎದುರಿನವನ ಮೇಲಿದ್ದಾಗಲೂ ಅವರು ಕೇಳಿಸಿಕೊಳ್ಳುತ್ತಿದ್ದಾರೆ ಅಂತ ನಮಗೆ ಗೊತ್ತಾಗುತ್ತದೆ. ಸಂಭಾಷಣೆ ಒಪ್ಪಿಸುವ ನಟರು ಬೇಕಾದಷ್ಟು ಸಿಗುತ್ತಾರೆ, ಕೇಳಿಸಿಕೊಳ್ಳುವ ನಟರು ಕಮ್ಮಿ. ಕಟಕಟೆಯ ಮುಂದೆ ವರ್ಷಗಟ್ಟಲೆ ನಿಂತವರಿಗೆ ಅದು ಅಭ್ಯಾಸದಿಂದ ಬರುತ್ತದೆ. ಸಾಕ್ಷಿಯ ಬಾಯಿಂದ ಜಾರಿದ ಒಂದು ಪದವನ್ನು ಹಿಡಿಯದಿದ್ದರೆ ಕೇಸೇ ಹೋಯಿತಲ್ಲ!

ಹೀಗೆ ವಕೀಲಿಕೆಯಿಂದ ಕಥೆಗೆ ಬಂದವರು ಬೇರೆ ಕಡೆಯೂ ಇದ್ದಾರೆ. ಅಮೆರಿಕದ ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್ ಕ್ಯಾಲಿಫೋರ್ನಿಯಾದಲ್ಲಿ ವಕೀಲರಾಗಿದ್ದವರು. 1933ರಲ್ಲಿ 'ಪೆರ್ರಿ ಮೇಸನ್' ಅನ್ನುವ ವಕೀಲನ ಪಾತ್ರ ಸೃಷ್ಟಿಸಿದರು. 1957ರಿಂದ 1966ರವರೆಗೆ ಅದು ಟಿವಿ ಸೀರಿಯಲ್ ಆಗಿ ಮನೆಮಾತಾಯಿತು. ಆದ್ರೆ ಅಲ್ಲಿ ಬರೆದವರು ಒಬ್ಬರು, ನಟಿಸಿದವರು ಇನ್ನೊಬ್ಬರು. ನಮ್ಮಲ್ಲಿ ವಕೀಲರೂ ಅವರೇ, ಬರೆದವರೂ ಅವರೇ, ನಿರ್ದೇಶಕರೂ ಅವರೇ, ಕರಿಕೋಟು ಹಾಕಿ ನಿಂತವರೂ ಅವರೇ.

ಸಿನಿಮಾದಲ್ಲಿ? ಅಲ್ಲೂ ಕೈ ಆಡಿಸಿದ್ದಾರೆ. ಎಸ್. ಎಲ್. ಭೈರಪ್ಪನವರ ಕಾದಂಬರಿ ಆಧರಿಸಿದ 'ಮತದಾನ'ಕ್ಕೆ ಅತ್ಯುತ್ತಮ ಕನ್ನಡ ಚಿತ್ರ ರಾಷ್ಟ್ರಪ್ರಶಸ್ತಿ ಬಂತು. ಅನಂತ್ ನಾಗ್, ತಾರಾ, ದೇವರಾಜ್ ನಟಿಸಿದ ಚಿತ್ರ. ಊರಿನವರು ಮೆಚ್ಚಿದ ವೈದ್ಯ ಚುನಾವಣೆಗೆ ನಿಂತರೆ ಏನಾಗುತ್ತದೆ ಅನ್ನುವ ಕಥೆ. 2007ರಲ್ಲಿ 'ಮೀರಾ ಮಾಧವ ರಾಘವ', 2017ರಲ್ಲಿ 'ಕಾಫಿ ತೋಟ'. ಒಳ್ಳೆಯ ಪ್ರಯತ್ನಗಳು. ಆದ್ರೆ ನನ್ನ ಅಭಿಪ್ರಾಯ ಕೇಳಿದರೆ, ಅವರ ಪ್ರತಿಭೆಗೆ ಹಿರಿತೆರೆಗಿಂತ ಕಿರುತೆರೆಯೇ ಸರಿಯಾದ ಜಾಗ. ಯಾಕೆ? ಎರಡೂವರೆ ಗಂಟೆಯಲ್ಲಿ ತೀರ್ಪು ಕೊಡಬಹುದು, ವಿಚಾರಣೆ ಮಾಡೋಕಾಗಲ್ಲ. ವಿಚಾರಣೆಗೆ ತಿಂಗಳುಗಳು ಬೇಕು. ಒಂದು ಮಾತು ಇವತ್ತು, ಅದಕ್ಕೆ ಎದುರು ಮಾತು ನಾಳೆ. ಆ ಅವಕಾಶ ಕೊಡುವುದು ದಿನವಹಿ ಧಾರಾವಾಹಿ ಮಾತ್ರ. 'ಮುಕ್ತ ಮುಕ್ತ' ಕಾಲದಲ್ಲಂತೂ ಪರದೆಯ ಆಚೆಗೂ ಬಂದು ವೀಕ್ಷಕರ ಜೊತೆ ಸಂವಾದಗಳು ನಡೆದವು. ಸೀರಿಯಲ್ ನೋಡಿದವರು ಸಭೆಯಲ್ಲಿ ಎದ್ದು ನಿಂತು ಸಮಾಜದ ಬಗ್ಗೆ ಪ್ರಶ್ನೆ ಕೇಳುವುದು! ಇವತ್ತು ಹೇಳಿದರೆ ನಂಬುವುದು ಕಷ್ಟ.

ಹಾಗಂತ ಇಲ್ಲಿ ಬರೀ ಹೊಗಳಿಕೆ ಬೇಡ. ಅವರ ಧಾರಾವಾಹಿಗಳು ಎಳೆಯುತ್ತವೆ ಅನ್ನುವ ದೂರು ಇತ್ತು. ಬೆಂಗಳೂರಿನ ಮಧ್ಯಮವರ್ಗದ ಕಣ್ಣಿನಿಂದಲೇ ಲೋಕ ನೋಡುತ್ತವೆ ಅನ್ನುವ ಟೀಕೆಯೂ ಇತ್ತು. ಎರಡರಲ್ಲೂ ಒಂದಿಷ್ಟು ಹುರುಳಿದೆ. ಇನ್ನೊಂದು ಮಾತು: ನಿಜವಾದ ಕೋರ್ಟಿನಲ್ಲಿ ಸಾಕ್ಷಿ ಒಂದೇ ಪ್ರಶ್ನೆಗೆ ಕುಸಿದು ಸತ್ಯ ಒಪ್ಪಿಕೊಳ್ಳುವುದು ಬಲು ಅಪರೂಪ. ಅಲ್ಲಿ ಗೆಲುವು ಅಂದ್ರೆ ಸಾಕ್ಷಿಯ ಹೇಳಿಕೆಯಲ್ಲಿ ಒಂದು ತಾರೀಕು ತಪ್ಪಿದ್ದು ದಾಖಲಾಗುವುದು, ಅಷ್ಟೇ. ಭಾಗದ ದಾವೆ ಹಾಕಿದ ಅಪ್ಪ ತೀರಿಹೋಗಿ ಮಗ ಕೋರ್ಟು ಮೆಟ್ಟಿಲು ಹತ್ತುವ ದೇಶ ನಮ್ಮದು. ಆ ವಿಳಂಬದ ಸಂಕಟವನ್ನು ಯಾವ ಸೀರಿಯಲ್ಲೂ ಪೂರ್ತಿ ತೋರಿಸಲಿಲ್ಲ. ತೋರಿಸಿದ್ದರೆ ನಾವು ನೋಡುತ್ತಲೂ ಇರಲಿಲ್ಲ.

ಇಷ್ಟಕ್ಕೂ ಒಬ್ಬ ನ್ಯೂಸ್ ಆ್ಯಂಕರ್ ಸೀರಿಯಲ್ ನಟರ ಬಗ್ಗೆ ಇಷ್ಟುದ್ದ ಯಾಕೆ ಮಾತಾಡ್ತಿದ್ದಾನೆ ಅಂತ ನಿಮಗೆ ಅನ್ನಿಸಿರಬಹುದು. ಹೇಳುತ್ತೇನೆ.

'ಮಾಯಾಮೃಗ' ಬಂದ ಕಾಲದಲ್ಲಿ ಕನ್ನಡದಲ್ಲಿ ದಿನದ 24 ಗಂಟೆಯ ನ್ಯೂಸ್ ಚಾನೆಲ್ ಇರಲಿಲ್ಲ. ಈಗ ರಿಮೋಟಿನ ಗುಂಡಿ ಒತ್ತಿದಷ್ಟೂ ಇವೆ. ಈಗ ರಾತ್ರಿ ಒಂಬತ್ತಕ್ಕೆ ಕೋರ್ಟು ಕೂರುವುದು ಸ್ಟುಡಿಯೋದಲ್ಲಿ. ಆರೋಪ ಬೆಳಗ್ಗೆ ಹನ್ನೊಂದಕ್ಕೆ, ವಿಚಾರಣೆ ಮಧ್ಯಾಹ್ನ, ಶಿಕ್ಷೆ ರಾತ್ರಿ! ಅಲ್ಲಿ ಮುಖ್ಯ ವಿಚಾರಣೆ ಮಾತ್ರ ಉಂಟು, ಪಾಟೀ ಸವಾಲು ಇಲ್ಲ. ಉತ್ತರ ತುರುಕುವ ಪ್ರಶ್ನೆಗೆ ತಡೆ ಇಲ್ಲ. 'ಮೂಲಗಳು ಹೇಳುವಂತೆ' ಅನ್ನುವ ಎರಡು ಪದ ಸಾಕು, ಕಣ್ಣಾರೆ ಕಂಡ ಸಾಕ್ಷಿಯ ಅಗತ್ಯವೇ ಇಲ್ಲ. ನಾನು ಈ ವೃತ್ತಿಯಲ್ಲೇ ಇದ್ದೇನೆ, ಇದೇ ಬೆಳಕಿನ ಕೆಳಗೆ ಕೂರುತ್ತೇನೆ. ಒಳಗಿನವನಾಗಿಯೇ ಹೇಳುತ್ತಿದ್ದೇನೆ.

ಇದು ಹೊಸ ಕಾಯಿಲೆಯೂ ಅಲ್ಲ. 1959ರ ಬಾಂಬೆಯ ನಾನಾವತಿ ಪ್ರಕರಣ ನೆನಪಿಸಿಕೊಳ್ಳಿ. ನೌಕಾಪಡೆಯ ಅಧಿಕಾರಿ, ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ಆರೋಪ. 'ಬ್ಲಿಟ್ಜ್' ಪತ್ರಿಕೆ ಅಧಿಕಾರಿಯ ಪರ ನಿಂತು ವಾರವಾರವೂ ಬರೆಯಿತು. ಜ್ಯೂರಿ ಎಂಟಕ್ಕೆ ಒಂದರಂತೆ ನಿರ್ದೋಷಿ ಅಂದಿತು. ಸೆಷನ್ಸ್ ಜಡ್ಜ್ ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟ್ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮುಂದೆ ಕ್ಷಮಾದಾನ ಸಿಕ್ಕಿತು, ಅದು ಬೇರೆ ಮಾತು. ಅಂದು ವಾರಕ್ಕೊಂದು ಪತ್ರಿಕೆ, ಇಂದು ಕ್ಷಣಕ್ಕೊಂದು ಬ್ರೇಕಿಂಗ್. ಬಾಲಿವುಡ್ ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ಸುತ್ತ ಟಿವಿಗಳು ನಡೆಸಿದ 'ವಿಚಾರಣೆ' ನೋಡಿದ ಬಾಂಬೆ ಹೈಕೋರ್ಟ್ 2021ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು: ಮಾಧ್ಯಮ ವಿಚಾರಣೆ ನ್ಯಾಯದ ಕೆಲಸಕ್ಕೆ ಅಡ್ಡಿ.

ಇನ್ನೊಂದು ಬದಲಾವಣೆ ನೋಡಿ. 2021ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಕಲಾಪಗಳ ನೇರಪ್ರಸಾರ ಯೂಟ್ಯೂಬಿನಲ್ಲಿ ಶುರುವಾಯಿತು. ನಿಜವಾದ ಕೋರ್ಟೇ ಮನೆಗೆ ಬಂತು! ಸಂತೋಷವಾಗಬೇಕಿತ್ತು. ಆದ್ರೆ ಜನ ನೋಡಿದ್ದು ಏನು? ಅರ್ಧ ನಿಮಿಷದ ತುಣುಕು. ಜಡ್ಜ್ ಗದರಿದ್ದು, ವಕೀಲರು ತಬ್ಬಿಬ್ಬಾಗಿದ್ದು, ಕೆಳಗೆ ಒಂದು ನಗುವ ಹಾಡು. ಕೊನೆಗೆ 2024ರ ಸೆಪ್ಟೆಂಬರಿನಲ್ಲಿ, ಕಲಾಪದ ವಿಡಿಯೊ ಕತ್ತರಿಸಿ ಹಾಕುವುದಕ್ಕೆ ಹೈಕೋರ್ಟೇ ತಡೆ ಒಡ್ಡಬೇಕಾಯಿತು. ಸೀತಾರಾಮ್ ಕಟ್ಟಿದ ಕಾಲ್ಪನಿಕ ಕೋರ್ಟನ್ನು ಜನ ತಾಳ್ಮೆಯಿಂದ ತಿಂಗಳುಗಟ್ಟಲೆ ನೋಡಿದರು. ನಿಜವಾದ ಕೋರ್ಟನ್ನು ಮೂವತ್ತು ಸೆಕೆಂಡಿನಲ್ಲಿ ನೋಡಿ ಮುಗಿಸಿದರು. ಬದಲಾದದ್ದು ಕೋರ್ಟಾ, ನಾವಾ?

2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ 'ಮಗಳು ಜಾನಕಿ' ಬಂತು. ಎಪ್ಪತ್ತರ ಹೊಸ್ತಿಲಲ್ಲಿದ್ದ ಸೀತಾರಾಮ್ ಮತ್ತೆ ಸಿ.ಎಸ್.ಪಿ. ಆಗಿ ಕರಿಕೋಟು ಹಾಕಿದರು. ಹೊಸ ತಲೆಮಾರು ಮತ್ತೆ ಟಿವಿ ಮುಂದೆ ಕೂತಿತು. 2020ರಲ್ಲಿ ಕೊರೊನಾ ಬಂತು, ಲಾಕ್‌ಡೌನ್ ಆಯಿತು, ಧಾರಾವಾಹಿ ನಡುದಾರಿಯಲ್ಲೇ ನಿಂತುಹೋಯಿತು. ಎಷ್ಟೋ ಜನ ಇವತ್ತಿಗೂ 'ಜಾನಕಿ ಕಥೆ ಏನಾಯ್ತು' ಅಂತ ಕೇಳುತ್ತಾರೆ. ವಿಚಾರಣೆ ಪೂರ್ತಿ ಆಗಲಿಲ್ಲ ಅನ್ನುವ ಚಡಪಡಿಕೆ ಅದು. ಅಂಥ ಚಡಪಡಿಕೆಯನ್ನು ಜನರಲ್ಲಿ ಹುಟ್ಟಿಸಿದ್ದಾರಲ್ಲ, ಒಬ್ಬ ನಟನಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಕಾಣುವುದಿಲ್ಲ.

ಸೀರಿಯಲ್ ನಿಂತರೂ ಅದು ಕಲಿಸಿದ ಅಭ್ಯಾಸ ನಮ್ಮ ಕೈಯಲ್ಲೇ ಇದೆ. ಇವತ್ತು ರಾತ್ರಿ ಟಿವಿ ಹಾಕಿದಾಗ ಪರದೆಯ ಮೇಲೆ ಯಾರದೋ ಹೆಸರು ಕೆಂಪಕ್ಷರದಲ್ಲಿ ಬರುತ್ತದೆ, ಪಕ್ಕದಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಆಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಹೇಳುತ್ತಿರುವವರು ಯಾರು? ಅವರು ಕಣ್ಣಾರೆ ಕಂಡರಾ? ಎದುರು ಪಕ್ಷದವರಿಗೆ ಪ್ರಶ್ನೆ ಕೇಳಲು ಬಿಟ್ಟರಾ? ಮೂರಕ್ಕೂ ಉತ್ತರ ಸಿಗುವ ತನಕ ತೀರ್ಪನ್ನು ವಾಯಿದೆಗೆ ಹಾಕಿ. ಆ ಸ್ಟುಡಿಯೋದಲ್ಲಿ ಕೂತಿರುವವನು ನಾನೇ ಆಗಿದ್ದರೂ ಸರಿ, ಕೇಳಿ.